ಹನ್ಲಿ: ತನ್ನವರನ್ನೇ ಮೂರು ಸಲ ಮುಳುಗಿಸಿದ ದೋಣಿ

ಲೆಕ್ಕದಿಂದಲೇ ಶುರು ಮಾಡೋಣ. ‘ಎಚ್. ಎಲ್. ಹನ್ಲಿ’ ಎಂಬ, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಸಬ್‌ಮರೀನ್ ನೀರಿಗಿಳಿದದ್ದು 1863ರ ಜುಲೈಯಲ್ಲಿ. ಕೊನೆಯ ಸಲ ಮುಳುಗಿದ್ದು 1864ರ ಫೆಬ್ರವರಿ 17ರ ರಾತ್ರಿ. ಅಷ್ಟರೊಳಗೆ ಅದು ಮೂರು ಸಲ ತಳ ಕಂಡಿತು. ಮೊದಲ ಸಲ 5 ಮಂದಿ ಸತ್ತರು. ಎರಡನೇ ಸಲ 8, ಮೂರನೇ ಸಲ ಮತ್ತೆ 8. ಒಟ್ಟು 21 ಮಂದಿ, ಎಲ್ಲರೂ ಅದರದೇ ಕಡೆಯವರು. ಅದು ಕೊಂದ ಶತ್ರುಗಳು ಐದೇ ಮಂದಿ.

ಇಷ್ಟಾದರೂ, ಯುದ್ಧದಲ್ಲಿ ಶತ್ರು ಹಡಗನ್ನು ಮುಳುಗಿಸಿದ ಮೊದಲ ಸಬ್‌ಮರೀನ್ ಇದೇ. ಅಂಥದ್ದು ಇನ್ನೊಮ್ಮೆ ನಡೆಯಲು 50 ವರ್ಷ ಬೇಕಾಯಿತು. 1914ರ ಸೆಪ್ಟೆಂಬರ್ 5ರಂದು ಜರ್ಮನಿಯ ಯು-21 ಸ್ಕಾಟ್ಲೆಂಡಿನ ಹತ್ತಿರ ಬ್ರಿಟಿಷ್ ಹಡಗು ಪಾತ್‌ಫೈಂಡರನ್ನು ಮುಳುಗಿಸಿತು.

ಸಬ್‌ಮರೀನಿನ ಶುರುವಿನ ಕತೆ ಹೇಳುವವರು ಹನ್ಲಿಯನ್ನು ಸಾಹಸದ ಕತೆ ಮಾಡುತ್ತಾರೆ. ಸಾಹಸ ಇತ್ತು, ಇಲ್ಲ ಅನ್ನುವುದಿಲ್ಲ. ನನಗೆ ಮುಖ್ಯ ಅನಿಸುವುದು ಬೇರೆ. ಪ್ರತಿ ಅಪಘಾತ ಆದ ಮೇಲೂ ಆ ಜನ ಏನನ್ನೋ ಬದಲಿಸಿದರು. ಒಮ್ಮೆ ಒಳಗಿನ ಮಂದಿಯನ್ನು ಬದಲಿಸಿದರು, ಇನ್ನೊಮ್ಮೆ ಬಾಂಬು ಕಟ್ಟುವ ರೀತಿಯನ್ನು, ಮತ್ತೊಮ್ಮೆ ಹೋಗುವ ದಾರಿಯನ್ನು. ಒಂದೊಂದು ಬದಲಾವಣೆಯೂ ಹಿಂದಿನ ಅಪಾಯಕ್ಕೆ ಸರಿಯಾದ ಉತ್ತರವೇ. ಮುಂದಿನ ಅಪಾಯ ಒಳಗೆ ಬಂದದ್ದೂ ಅದೇ ಬಾಗಿಲಿನಿಂದ.

ಯಾಕೆ ಬೇಕಿತ್ತು

ಅಮೆರಿಕದ ಅಂತರ್ಯುದ್ಧ 1861ರಲ್ಲಿ ಶುರುವಾಯಿತು. ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟ ಬಿಟ್ಟು ಹೋದ ದಕ್ಷಿಣದ ರಾಜ್ಯಗಳು ಒಂದು ಕಡೆ, ಉತ್ತರದ ಸರ್ಕಾರ ಇನ್ನೊಂದು ಕಡೆ. ದಕ್ಷಿಣದ ಸಂಪತ್ತೆಲ್ಲ ಹತ್ತಿ. ಗುಲಾಮರು ಬೆಳೆದ ಹತ್ತಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು, ಬಂದೂಕು ಮದ್ದುಗುಂಡು ವಾಪಸ್ ಬರುತ್ತಿತ್ತು. ಅಧ್ಯಕ್ಷ ಲಿಂಕನ್ ಆ ವರ್ಷದ ಏಪ್ರಿಲ್‌ನಲ್ಲೇ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ದೊಡ್ಡ ನೌಕಾಪಡೆ ಇಲ್ಲದ ದಕ್ಷಿಣಕ್ಕೆ ಈ ಬೇಲಿ ಮುರಿಯಲು ಏನಾದರೂ ಬೇಕಿತ್ತು.

ಈ ಬೇಲಿಯ ಬಿಸಿ ನಮ್ಮೂರಿಗೂ ತಟ್ಟಿತ್ತು. ಅಮೆರಿಕದ ಹತ್ತಿ ನಿಂತಾಗ ಲ್ಯಾಂಕಶೈರ್ ಗಿರಣಿಗಳು ಭಾರತದ ಕಡೆ ತಿರುಗಿದವು. ಧಾರವಾಡ ಸೀಮೆಯಲ್ಲಿ ಆಗಲೇ ಬೇರೂರಿದ್ದ ‘ಧಾರವಾಡ-ಅಮೆರಿಕನ್’ ತಳಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಹತ್ತಿ ಸಾಗಿಸಲು ಕಾರವಾರ ಬಂದರು ಬೇಕೆಂಬ ಒತ್ತಡವೂ ಒಂದು ಕಾರಣವಾಗಿ 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿತು. ಅದೇ ಕಾರವಾರದ ನೌಕಾನೆಲೆಯಲ್ಲಿ ಈಗ ಸಬ್‌ಮರೀನ್‌ಗಳು ಬಂದು ನಿಲ್ಲುತ್ತವೆ. ಇರಲಿ, ನಮ್ಮ ದೋಣಿಗೆ ಬರೋಣ.

ನೀರಿನಡಿ ಹೋಗಿ ಹಡಗು ಒಡೆಯುವ ಆಸೆ ಹೊಸದೇನಲ್ಲ. 1776ರಲ್ಲೇ ಡೇವಿಡ್ ಬುಶ್ನೆಲ್ ಮಾಡಿದ ‘ಟರ್ಟಲ್’ ಎಂಬ ಒಂಟಿ ಸವಾರನ ಮರದ ದೋಣಿ ನ್ಯೂಯಾರ್ಕ್ ಬಂದರಿನಲ್ಲಿ ಬ್ರಿಟಿಷ್ ಹಡಗಿಗೆ ಬಾಂಬು ಕಟ್ಟಲು ಹೋಗಿ ಸೋತಿತ್ತು. 1800ರಲ್ಲಿ ರಾಬರ್ಟ್ ಫುಲ್ಟನ್ ಫ್ರಾನ್ಸಿನಲ್ಲಿ ‘ನಾಟಿಲಸ್’ ಕಟ್ಟಿ ತೋರಿಸಿದ್ದ. ಎಲ್ಲದಕ್ಕೂ ಒಂದೇ ಕಾಯಿಲೆ: ನೀರಿನಡಿ ಓಡಿಸಲು ಇಂಜಿನ್ ಇಲ್ಲ. ಉಗಿ ಇಂಜಿನ್‌ಗೆ ಬೆಂಕಿ ಬೇಕು, ಬೆಂಕಿಗೆ ಗಾಳಿ ಬೇಕು. ಉಳಿಯುವುದು ಮನುಷ್ಯನ ತೋಳು.

ದೋಣಿ

ಹೊರೇಸ್ ಲಾಸನ್ ಹನ್ಲಿ ನ್ಯೂ ಆರ್ಲಿಯನ್ಸ್‌ನ ವಕೀಲ, ಕೈಯಲ್ಲಿ ದುಡ್ಡಿದ್ದವನು. ಜೇಮ್ಸ್ ಮೆಕ್‌ಕ್ಲಿಂಟಕ್, ಬ್ಯಾಕ್‌ಸ್ಟರ್ ವಾಟ್ಸನ್ ಯಂತ್ರ ಬಲ್ಲವರು. ಇವರ ಮೊದಲ ದೋಣಿ ‘ಪಯೊನಿಯರ್’. 1862ರಲ್ಲಿ ಉತ್ತರದ ಸೇನೆ ನ್ಯೂ ಆರ್ಲಿಯನ್ಸ್ ಹಿಡಿದಾಗ ಅದನ್ನು ತಾವೇ ಮುಳುಗಿಸಿ ಅಲಬಾಮಾದ ಮೊಬೈಲ್ ಊರಿಗೆ ಓಡಿದರು. ಎರಡನೆಯದು ‘ಅಮೆರಿಕನ್ ಡೈವರ್’. ಅದಕ್ಕೆ ವಿದ್ಯುತ್ ಮೋಟಾರು ಹಾಕಲು ನೋಡಿದರು, ಆಗಲಿಲ್ಲ. ಉಗಿ ನೋಡಿದರು, ಅದೂ ಆಗಲಿಲ್ಲ. ಕೊನೆಗೆ ಕೈಯಿಂದ ತಿರುಗಿಸುವುದಕ್ಕೇ ಬಂದರು. 1863ರ ಫೆಬ್ರವರಿಯಲ್ಲಿ ಮೊಬೈಲ್ ಕೊಲ್ಲಿಯಲ್ಲಿ ಅದೂ ಹೋಯಿತು.

ಮೂರನೆಯದೇ ಹನ್ಲಿ. ಮೊಬೈಲ್‌ನ ಪಾರ್ಕ್ ಅಂಡ್ ಲಯನ್ಸ್ ವರ್ಕ್‌ಶಾಪಿನಲ್ಲಿ ಕಟ್ಟಿದ್ದು. ಅಲ್ಲಿದ್ದ ಇಂಜಿನಿಯರ್ ವಿಲಿಯಂ ಅಲೆಕ್ಸಾಂಡರ್ ಎಂಬ ಇಂಗ್ಲಿಷ್ ಮೂಲದವನು 1902ರಲ್ಲಿ ತನ್ನ ನೆನಪುಗಳನ್ನು ಬರೆದ. ನಮಗೆ ಗೊತ್ತಿರುವ ಒಳಗಿನ ಸಂಗತಿಗಳಲ್ಲಿ ಬಹಳಷ್ಟು ಅವನಿಂದ ಬಂದವು. ಹಳೇ ಬಾಯ್ಲರ್ ಕತ್ತರಿಸಿ ದೋಣಿ ಮಾಡಿದರು ಎಂಬ ಮಾತೂ ಬಹಳ ಕಾಲ ಓಡಾಡಿತು. ದೋಣಿ ಮೇಲೆ ಬಂದ ಮೇಲೆ ನೋಡಿದರೆ ಅದು ತಪ್ಪು. ಸಬ್‌ಮರೀನಿಗೆಂದೇ ಬಾಗಿಸಿದ ಕಬ್ಬಿಣದ ತಗಡುಗಳು, ಹೊರಮೈಗೆ ಸಮವಾಗಿ ಬಡಿದ ರಿವೆಟ್‌ಗಳು, ನೀರನ್ನು ಸೀಳುವ ಚೂಪು ಮೂತಿ. ಕೆಲಸ ಬಲ್ಲವರ ಕೈ ಅದರಲ್ಲಿ ಕಾಣುತ್ತದೆ.

ಉದ್ದ ಸುಮಾರು 12 ಮೀಟರ್. ಒಳಗಿನ ಎತ್ತರ 1.3 ಮೀಟರ್‌ಗಿಂತ ಕಡಿಮೆ. ವಿಶಾಖಪಟ್ಟಣದ ಬೀಚಿನಲ್ಲಿ ನಿಲ್ಲಿಸಿರುವ ‘ಕುರ್ಸುರಾ’ ಸಬ್‌ಮರೀನಿನೊಳಗೆ ಹೋಗಿ ಬಂದವರು ‘ಅಯ್ಯೋ ಎಷ್ಟು ಇಕ್ಕಟ್ಟು’ ಅನ್ನುತ್ತಾರಲ್ಲ, ಅದರ ಉದ್ದ 91 ಮೀಟರ್. ಹನ್ಲಿಯಲ್ಲಿ ನೆಟ್ಟಗೆ ನಿಲ್ಲುವ ಮಾತೇ ಇಲ್ಲ. ಏಳು ಜನ ಒಂದು ಬದಿಯ ಹಲಗೆಯ ಮೇಲೆ ಗೂನು ಬೆನ್ನು ಮಾಡಿ ಕೂತು ಮುಂದಿರುವ ಉದ್ದನೆಯ ಕ್ರ್ಯಾಂಕ್ ದಂಡ ತಿರುಗಿಸಬೇಕು. ಅದು ಹಿಂದಿನ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ದಂಡದ ಆಚೆ ಈಚೆ ದಾಟಲು ಜಾಗವಿಲ್ಲ. ಹೊರಗೆ ಬರಲು ಮುಂದೊಂದು, ಹಿಂದೊಂದು ಗಿಡ್ಡ ಗೋಪುರ, ಅದರ ಮೇಲೆ ಕಿರಿದಾದ ಮುಚ್ಚಳ. ನಡುವೆ ಕೂತವನು ಹೊರಬರಬೇಕಾದರೆ ಅವನ ಪಕ್ಕದವರೆಲ್ಲ ಮೊದಲು ಹೊರಗೆ ಹೋಗಿರಬೇಕು.

ಎಂಟನೆಯವನು ಕಪ್ತಾನ, ಮುಂದಿನ ಗೋಪುರದ ಕೆಳಗೆ. ಅವನಿಗಿದ್ದ ಕೆಲಸ ನೋಡಿ. ಪುಟ್ಟ ಗಾಜಿನ ಕಿಂಡಿಯಿಂದ ದಾರಿ ನೋಡಬೇಕು. ಚುಕ್ಕಾಣಿ ಹಿಡಿಯಬೇಕು. ದೋಣಿಯ ಮೂತಿಯನ್ನು ಕೆಳಗೆ ಮೇಲೆ ಮಾಡುವ ರೆಕ್ಕೆಗಳ ಸನ್ನೆಕೋಲು ಎಳೆಯಬೇಕು. ಮುಂದಿನ ಟ್ಯಾಂಕಿಗೆ ನೀರು ಬಿಡುವ ವಾಲ್ವ್ ತೆರೆಯಬೇಕು, ಮುಚ್ಚಬೇಕು. ಆ ನೀರನ್ನು ಪಂಪಿನಿಂದ ಹೊರಹಾಕಬೇಕು. ದಿಕ್ಸೂಚಿ ನೋಡಬೇಕು, ಆಳ ತೋರಿಸುವ ಪಾದರಸದ ಮಾಪಕ ನೋಡಬೇಕು. ಇಷ್ಟನ್ನೂ ಒಂದು ಮೇಣದಬತ್ತಿಯ ಬೆಳಕಿನಲ್ಲಿ. ಆ ಬತ್ತಿಯೇ ಗಾಳಿಯ ಅಳತೆಗೋಲು ಕೂಡ. ಅದು ಮಂಕಾದರೆ ಗಾಳಿ ಕೆಡುತ್ತಿದೆ ಎಂದು ಅರ್ಥ.

ಟ್ಯಾಂಕಿನ ಬಗ್ಗೆ ಒಂದು ಮಾತು, ಮುಂದೆ ಬೇಕಾಗುತ್ತದೆ. ದೋಣಿಯ ಎರಡೂ ತುದಿಗೆ ಒಂದೊಂದು ನೀರಿನ ಟ್ಯಾಂಕ್. ಅದನ್ನು ಜನ ಕೂರುವ ಜಾಗದಿಂದ ಬೇರೆ ಮಾಡಿದ್ದ ಗೋಡೆ ಮಾಳಿಗೆಯವರೆಗೆ ಮುಟ್ಟುತ್ತಿರಲಿಲ್ಲ, ಮೇಲೆ ತೆರೆದೇ ಇತ್ತು. ಟ್ಯಾಂಕ್ ತುಂಬಿ ಹೆಚ್ಚಾದರೆ ನೀರು ಗೋಡೆ ಹಾರಿ ಜನರ ಮೇಲೆ ಬೀಳುತ್ತದೆ. ಆಪತ್ತಿಗೆಂದು ತಳದಲ್ಲಿ ಕಬ್ಬಿಣದ ಗಟ್ಟಿಗಳನ್ನು ಕಟ್ಟಿದ್ದರು. ಒಳಗಿನಿಂದ ಬೋಲ್ಟ್ ತಿರುಗಿಸಿದರೆ ಅವು ಕಳಚಿ ಬೀಳಬೇಕು, ದೋಣಿ ಹಗುರಾಗಿ ಮೇಲೇಳಬೇಕು.

ಮೊದಲ ಮುಳುಗು

1863ರ ಜುಲೈ 31ರಂದು ಮೊಬೈಲ್‌ನಲ್ಲಿ ಒಂದು ಪ್ರದರ್ಶನ ನಡೆಯಿತು. ಹನ್ಲಿ ಒಂದು ಕಲ್ಲಿದ್ದಲು ದೋಣಿಯ ಕೆಳಗೆ ಮುಳುಗಿ ಆಚೆ ಎದ್ದಿತು. ಹಿಂದೆ ಹಗ್ಗದಲ್ಲಿ ಎಳೆದು ತಂದಿದ್ದ ಬಾಂಬು ದೋಣಿಗೆ ತಾಗಿ ಸಿಡಿಯಿತು. ಆಗಿನ ಮಾತಿನಲ್ಲಿ ಆ ಬಾಂಬೇ ‘ಟಾರ್ಪಿಡೊ’. ತಾನಾಗಿ ಈಜುವ ಟಾರ್ಪಿಡೊ ಇನ್ನೂ ಹುಟ್ಟಿರಲಿಲ್ಲ. ಸೇನಾಧಿಕಾರಿಗಳಿಗೆ ಖುಷಿಯಾಯಿತು. ದೋಣಿಯನ್ನು ರೈಲಿಗೆ ಹೇರಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ಗೆ ಕಳಿಸಿದರು. ಆಗಸ್ಟ್ 12ಕ್ಕೆ ಅದು ಅಲ್ಲಿ ತಲುಪಿತು. ಉತ್ತರದ, ಕಬ್ಬಿಣದ ಕವಚ ತೊಟ್ಟ ದೊಡ್ಡ ಹಡಗು ‘ನ್ಯೂ ಐರನ್‌ಸೈಡ್ಸ್’ ಮುಳುಗಿಸಿದವರಿಗೆ 1 ಲಕ್ಷ ಡಾಲರ್ ಇನಾಮು ಕೊಡುತ್ತೇವೆ ಎಂದು ಅಲ್ಲಿನ ವ್ಯಾಪಾರಿ ಕಂಪನಿಯೊಂದು ಸಾರಿತ್ತು.

ಮೆಕ್‌ಕ್ಲಿಂಟಕ್ ತನ್ನವರೊಂದಿಗೆ ಕೆಲವು ರಾತ್ರಿ ಹೊರಗೆ ಹೋಗಿ ಬಂದ, ದಾಳಿ ಮಾಡಲಿಲ್ಲ. ಇವನಿಗೆ ಧೈರ್ಯ ಸಾಲದು ಎಂದುಕೊಂಡ ಸೇನೆ ಕೆಲವೇ ದಿನಗಳಲ್ಲಿ ದೋಣಿಯನ್ನು ಕಿತ್ತುಕೊಂಡು ನೌಕಾಪಡೆಯ ಲೆಫ್ಟಿನೆಂಟ್ ಜಾನ್ ಪೇನ್ ಕೈಗೆ ಕೊಟ್ಟಿತು. ದೋಣಿ ಕಟ್ಟಿದವರು ಹೊರಗೆ, ಅದನ್ನು ನೆಟ್ಟಗೆ ನೋಡದವರು ಒಳಗೆ. ಈ ಕತೆಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರುವ ಜಾಗ ಇದು. ಎಚ್ಚರಿಕೆಯನ್ನು ಹೇಡಿತನ ಎಂದು ಓದುವ ಮೇಲಧಿಕಾರಿ ಎಲ್ಲ ಕಾಲದಲ್ಲೂ ಇರುತ್ತಾನೆ ಅಲ್ವಾ.

ಆಗಸ್ಟ್ 29ರಂದು ಫೋರ್ಟ್ ಜಾನ್ಸನ್ ಕಟ್ಟೆಯ ಹತ್ತಿರ ದೋಣಿ ಮುಳುಗಿತು. ಮುಚ್ಚಳಗಳು ತೆರೆದೇ ಇದ್ದವು. ಪೇನ್ ಕಾಲು ತಪ್ಪಿ ರೆಕ್ಕೆಯ ಸನ್ನೆಯ ಮೇಲೆ ಬಿತ್ತು, ದೋಣಿ ಮೂತಿ ತಗ್ಗಿಸಿತು ಎಂದು ಒಂದು ಹೇಳಿಕೆ. ಹಾದುಹೋದ ಸ್ಟೀಮರಿನ ಅಲೆ ಒಳಗೆ ನುಗ್ಗಿತು ಎಂದು ಇನ್ನೊಂದು. ಐದು ಮಂದಿ ಸತ್ತರು. ಪೇನ್ ಹಾರಿಕೊಂಡ.

ಬದುಕಿದವರಲ್ಲಿ ಚಾರ್ಲ್ಸ್ ಹಾಸ್ಕರ್ ಎಂಬವನೂ ಒಬ್ಬ. ಅವನು ಹೊರಬರುವಾಗ ಮುಚ್ಚಳ ಬಿದ್ದು ಕಾಲು ಸಿಕ್ಕಿಕೊಂಡಿತು. ದೋಣಿಯ ಜೊತೆಗೇ ತಳಕ್ಕೆ ಹೋದ. ಒಳಗೆ ನೀರು ಪೂರ್ತಿ ತುಂಬಿದ ಮೇಲೆ ಮುಚ್ಚಳ ಸಡಿಲವಾಯಿತು. ಕಾಲು ಬಿಡಿಸಿಕೊಂಡು ಈಜಿ ಮೇಲೆ ಬಂದ.

ಮುಚ್ಚಳ ಯಾಕೆ ಸಡಿಲವಾಯಿತು? ಇದು ಮುಳುಗಿದ ದೋಣಿಯ ಮೂಲ ಪಾಠ. 10 ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಹೆಚ್ಚುವರಿ ಭಾರ ಹಾಕುತ್ತದೆ. ಒಂದಡಿ ಉದ್ದ, ಒಂದಡಿ ಅಗಲದ ಮುಚ್ಚಳ ಅಂದುಕೊಳ್ಳಿ. ಅದರ ಮೇಲೆ 900 ಕೆ.ಜಿ.ಗೂ ಜಾಸ್ತಿ ಭಾರ ಕೂತಿರುತ್ತದೆ. ಒಳಗೆ ಗಾಳಿ ಇರುವವರೆಗೆ ಯಾವ ಪೈಲ್ವಾನನೂ ಅದನ್ನು ಎತ್ತಲಾರ. ಒಳಗೂ ಹೊರಗೂ ಒತ್ತಡ ಒಂದೇ ಆದಾಗ ಮಾತ್ರ ಅದು ತೆರೆಯುತ್ತದೆ. ಅಂದರೆ ಬದುಕಬೇಕಾದರೆ ನೀರನ್ನು ಒಳಗೆ ಬಿಟ್ಟುಕೊಳ್ಳಬೇಕು.

ಇದನ್ನು ಲೆಕ್ಕ ಹಾಕಿ ಮಾಡಿದವನು ಒಬ್ಬನಿದ್ದ. ಜರ್ಮನಿಯ ವಿಲ್ಹೆಲ್ಮ್ ಬಾವರ್. 1851ರ ಫೆಬ್ರವರಿ 1ರಂದು ಕೀಲ್ ಬಂದರಿನಲ್ಲಿ ಅವನ ‘ಬ್ರಾಂಡ್‌ಟೌಖರ್’ ತಳಕ್ಕೆ ಹೋಯಿತು. ಒಳಗೆ ಮೂವರು. ಜೊತೆಯವರಿಗೆ ನೀರನ್ನು ತಡೆಯುವ ಆತುರ. ಬಾವರ್ ಮಾತ್ರ ನೀರು ಬರಲಿ, ಒಳಗಿನ ಗಾಳಿ ಬಿಗಿಯಾಗಲಿ ಎಂದು ಹಟ ಹಿಡಿದ. ಗಂಟೆಗಟ್ಟಲೆ ಕಾದರು. ಕೊನೆಗೆ ಮುಚ್ಚಳ ತೆರೆಯಿತು, ಮೂವರೂ ಬದುಕಿ ಬಂದರು. ಚಾರ್ಲ್ಸ್‌ಟನ್‌ನಲ್ಲಿ ಹಾಸ್ಕರ್‌ಗೆ ಅದೇ ಉಪಾಯ ಅರಿಯದೆಯೇ ಒದಗಿತು.

ಎರಡನೇ ಮುಳುಗು

ದೋಣಿಯನ್ನು ಎತ್ತಿದರು. ಇನ್ನು ಈ ಕೆಲಸ ನಮಗೆ ಬಿಡಿ ಎಂದು ಹೊರೇಸ್ ಹನ್ಲಿ ಕೇಳಿಕೊಂಡ. ಮೊಬೈಲ್‌ನಿಂದ ದೋಣಿ ಕಟ್ಟಿದ ಕೈಗಳನ್ನೇ ಕರೆತಂದ. ವರ್ಕ್‌ಶಾಪ್ ಮಾಲೀಕನ ಮಗ ಥಾಮಸ್ ಪಾರ್ಕ್ ಕೂಡ ಬಂದ. ಅಂದರೆ ಮೊದಲ ಅಪಘಾತದ ಕಾರಣಕ್ಕೆ ಸರಿಯಾದ ಮದ್ದೇ ಕೊಟ್ಟಿದ್ದರು. ಗೊತ್ತಿಲ್ಲದವರನ್ನು ತೆಗೆದು ಗೊತ್ತಿರುವವರನ್ನು ಕೂರಿಸಿದ್ದರು. ಕೆಲವು ವಾರ ತರಬೇತಿ ಚೆನ್ನಾಗಿಯೇ ನಡೆಯಿತು.

ಅಕ್ಟೋಬರ್ 15ರಂದು ಬಂದರಿನಲ್ಲೇ ನಿಂತಿದ್ದ ‘ಇಂಡಿಯನ್ ಚೀಫ್’ ಎಂಬ ತಮ್ಮದೇ ಹಡಗಿನ ಕೆಳಗೆ ಮುಳುಗಿ ತೋರಿಸುವ ಕಾರ್ಯಕ್ರಮ. ಕಪ್ತಾನನ ಜಾಗದಲ್ಲಿ ಸ್ವತಃ ಹನ್ಲಿ ಕೂತ. ದೋಣಿ ಕೆಳಗೆ ಹೋಯಿತು, ಮೇಲೆ ಬರಲೇ ಇಲ್ಲ.

ಸುಮಾರು ಮೂರು ವಾರದ ನಂತರ ಎತ್ತಿದಾಗ ಒಳಗಿನ ದೃಶ್ಯ ಹೀಗಿತ್ತು ಎಂದು ಅಲೆಕ್ಸಾಂಡರ್ ಬರೆದಿದ್ದಾನೆ. ದೋಣಿ ಸುಮಾರು 35 ಡಿಗ್ರಿ ಓರೆಯಾಗಿ ಮೂತಿಯನ್ನು ಕೆಸರಿಗೆ ಚುಚ್ಚಿ ನಿಂತಿತ್ತು. ಹನ್ಲಿಯ ತಲೆ ಮುಂದಿನ ಗೋಪುರದಲ್ಲಿತ್ತು, ಬಲಗೈ ತಲೆಯ ಮೇಲೆ, ಮುಚ್ಚಳ ಎತ್ತಲು ನೋಡಿದ ಹಾಗೆ. ಎಡಗೈಯಲ್ಲಿ ಒಂದು ಮೇಣದಬತ್ತಿ. ಅದನ್ನು ಹಚ್ಚಿರಲೇ ಇಲ್ಲ. ಮುಂದಿನ ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದಿತ್ತು. ಅದನ್ನು ತಿರುಗಿಸುವ ಸ್ಪ್ಯಾನರ್ ಅದರ ಮೇಲಿರಲಿಲ್ಲ, ನೆಲದಲ್ಲಿ ಬಿದ್ದಿತ್ತು. ಹಿಂದಿನ ಗೋಪುರದಲ್ಲಿ ಪಾರ್ಕ್, ಅವನ ಕೈಯೂ ಮುಚ್ಚಳದತ್ತ. ಅವನ ವಾಲ್ವ್ ಸರಿಯಾಗಿ ಮುಚ್ಚಿತ್ತು, ಟ್ಯಾಂಕ್ ಹೆಚ್ಚುಕಡಿಮೆ ಖಾಲಿ. ತಳದ ಗಟ್ಟಿಗಳ ಬೋಲ್ಟ್‌ಗಳನ್ನು ಸ್ವಲ್ಪ ತಿರುಗಿಸಿದ್ದರು, ಕಳಚುವಷ್ಟು ಅಲ್ಲ.

ಈ ಕೆಲವೇ ವಿವರಗಳಿಂದ ಆ ಹೊತ್ತನ್ನು ಕಟ್ಟಿಕೊಳ್ಳಬಹುದು. ಹನ್ಲಿ ಮುಳುಗಲು ವಾಲ್ವ್ ತೆರೆದ. ದೋಣಿ ನೀರಿನಡಿ ಹೋದದ್ದೇ ಗಾಜಿನ ಕಿಂಡಿಯ ಬೆಳಕು ಹೋಯಿತು. ಒಂದು ಕೈಯಲ್ಲಿ ರೆಕ್ಕೆಯ ಸನ್ನೆ, ಇನ್ನೊಂದರಲ್ಲಿ ಬತ್ತಿ. ಕತ್ತಲೆಯಲ್ಲಿ ವಾಲ್ವ್ ಮರೆತುಹೋಯಿತು, ಅಥವಾ ಸ್ಪ್ಯಾನರ್ ಜಾರಿ ಬಿತ್ತು. ಟ್ಯಾಂಕ್ ತುಂಬಿತು, ನೀರು ಆ ಗಿಡ್ಡ ಗೋಡೆಯನ್ನು ಹಾರಿತು. ಮೂತಿ ಭಾರವಾಗಿ ದೋಣಿ ನೆಲಕ್ಕೆ ಚುಚ್ಚಿತು. ತಗ್ಗಿಗೆ ನೀರು, ಎತ್ತರದ ಗೋಪುರಗಳಲ್ಲಿ ಸಿಕ್ಕಿಬಿದ್ದ ಗಾಳಿ. ಒತ್ತಡ ಸಮವಾಗಲಿಲ್ಲ, ಮುಚ್ಚಳ ಏಳಲಿಲ್ಲ. ನಡುವಿನವರು ನೀರಿನಲ್ಲಿ ಸತ್ತರು. ಹನ್ಲಿ ಮತ್ತು ಪಾರ್ಕ್ ಮುಳುಗಿ ಸತ್ತವರಲ್ಲ, ಉಸಿರುಗಟ್ಟಿ ಸತ್ತವರು ಎನ್ನುತ್ತಾನೆ ಅಲೆಕ್ಸಾಂಡರ್. ಮುಚ್ಚಳ ತೆಗೆದಾಗ ಒಳಗಿನಿಂದ ಗಾಳಿ ಭುಸ್ ಎಂದು ಹೊರಬಂದಿತ್ತು.

ದೋಣಿಯ ಬಗ್ಗೆ ಹನ್ಲಿಗಿಂತ ಹೆಚ್ಚು ತಿಳಿದವರು ಬೆರಳೆಣಿಕೆ. ಅಲ್ಲಿ ಸೋತದ್ದು ತಿಳಿವಳಿಕೆ ಅಲ್ಲ. ಒಬ್ಬ ಮನುಷ್ಯನಿಗೆ ಐದು ಕೈ ಬೇಕಾದ ಕೆಲಸ ಕೊಟ್ಟಿದ್ದರು, ಅಷ್ಟೇ. ದೋಣಿಗೆ ಅವನ ಹೆಸರು ಗಟ್ಟಿಯಾಗಿ ನಿಂತದ್ದು ಇದಾದ ಮೇಲೆ.

ಬದಲಾದದ್ದು ಏನು

ಚಾರ್ಲ್ಸ್‌ಟನ್‌ನ ದಂಡನಾಯಕ ಜನರಲ್ ಬೊರೆಗಾರ್ಡ್‌ಗೆ ಸಾಕಾಗಿತ್ತು. ಇದು ಶತ್ರುವಿಗಿಂತ ಬಳಸುವವರಿಗೇ ಹೆಚ್ಚು ಅಪಾಯ ಎಂದು ಬರೆದ. ಲೆಫ್ಟಿನೆಂಟ್ ಜಾರ್ಜ್ ಡಿಕ್ಸನ್ ಮತ್ತು ಅಲೆಕ್ಸಾಂಡರ್ ಅವನ ಬೆನ್ನು ಬಿಡಲಿಲ್ಲ. ಕೊನೆಗೆ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಬರುವವರಿಗೆ ಅಪಾಯ ಎಷ್ಟೆಂದು ಮೊದಲೇ ಹೇಳಬೇಕು. ದೋಣಿ ಪೂರ್ತಿ ಮುಳುಗಿ ದಾಳಿ ಮಾಡಬಾರದು. ನೀರಿನ ಮಟ್ಟದಲ್ಲೇ ಹೋಗಬೇಕು. ಬಾಂಬನ್ನು ಹಿಂದೆ ಎಳೆಯುವುದು ಬೇಡ, ಮುಂದೆ ಕೋಲಿನ ತುದಿಗೆ ಕಟ್ಟಬೇಕು.

ಎಳೆಯುವ ಬಾಂಬಿನ ಭಯ ಸುಳ್ಳಲ್ಲ. ಗಾಳಿ, ಸೆಳವು ಜೋರಾದರೆ ಅದು ತೇಲಿ ತನ್ನ ದೋಣಿಗೇ ಬಂದು ಬಡಿಯಬಹುದು. ಬಂದರಿನ ಹೊರಗೆ ನೀರಿನ ಆಳವೂ ಕಡಿಮೆ. ನಿಂತ ಹಡಗಿನ ತಳಕ್ಕೂ ಮರಳಿಗೂ ನಡುವೆ ಹನ್ಲಿ ನುಸುಳಲು ಜಾಗ ಸಾಲದು. ಅಕ್ಟೋಬರ್ 5ರಂದು ಅರ್ಧ ಮುಳುಗಿ ಓಡುವ ‘ಡೇವಿಡ್’ ಎಂಬ ಪುಟ್ಟ ಉಗಿದೋಣಿ ಕೋಲಿನ ಬಾಂಬಿನಿಂದಲೇ ನ್ಯೂ ಐರನ್‌ಸೈಡ್ಸ್‌ಗೆ ಪೆಟ್ಟು ಕೊಟ್ಟು ಬದುಕಿ ಬಂದಿತ್ತು. ಹೀಗಾಗಿ ಈ ನಿರ್ಧಾರ ಆ ದಿನಕ್ಕೆ ಸರಿಯೇ ಅನಿಸುತ್ತದೆ. ಮುಳುಗುವ ಅಪಾಯ ತಪ್ಪಿಸಲು ಬಾಂಬನ್ನು ತಮ್ಮ ಮೂಗಿನ ಮುಂದೆ ತಂದುಕೊಂಡರು.

ಕಪ್ತಾನನ ಜಾಗಕ್ಕೆ ಡಿಕ್ಸನ್ ಬಂದ. ಹೊಸ ತಂಡ ಇಂಡಿಯನ್ ಚೀಫ್ ಹಡಗಿನಿಂದಲೇ ಬಂತು. ಎಂಟು ಹೆಣ ಹೊರತೆಗೆದದ್ದನ್ನು ಕೇಳಿದ್ದವರು, ನೋಡಿದ್ದವರು. ಆದರೂ ಬಂದರು. ಆ ಚಳಿಗಾಲ ವಾರಕ್ಕೆ ಸುಮಾರು ನಾಲ್ಕು ರಾತ್ರಿ ಹೊರಗೆ ಹೋಗುತ್ತಿದ್ದರು. ಇಳಿತದಲ್ಲಿ ಹೊರಗೆ, ಉಬ್ಬರದಲ್ಲಿ ಒಳಗೆ. ತೋಳಿನ ಬಲಕ್ಕೆ ಗಂಟೆಗೆ ಮೂರು-ನಾಲ್ಕು ಮೈಲಿ ದೊಡ್ಡದು. ಸೆಳವು ಎದುರಾದರೆ ಮುಗಿಯಿತು.

ಒಂದು ದಿನ ಗಾಳಿಯ ಪರೀಕ್ಷೆ. ಎಷ್ಟು ಹೊತ್ತು ನೀರಿನಡಿ ಇರಬಹುದು ನೋಡೋಣ ಎಂದು ತಳಕ್ಕೆ ಇಳಿದು ಕೂತರು. ಒಪ್ಪಂದ ಒಂದೇ: ಯಾರಿಗೆ ತಡೆಯಲಾಗದೋ ಅವರು ‘ಮೇಲೆ’ ಎಂದರೆ ಸಾಕು, ದೋಣಿ ಮೇಲೇಳಬೇಕು. 25 ನಿಮಿಷಕ್ಕೆ ಮೇಣದಬತ್ತಿ ಆರಿತು. ಮತ್ತೆ ಹಚ್ಚಿದರೂ ಹತ್ತಲಿಲ್ಲ. ಕಗ್ಗತ್ತಲಲ್ಲಿ ಕೂತರು. ‘ಹೇಗಿದೆ?’ ‘ಪರವಾಗಿಲ್ಲ.’ ಮಾತೆಂದರೆ ಅಷ್ಟೇ. ಎಷ್ಟೋ ಹೊತ್ತಿನ ಮೇಲೆ ಎಲ್ಲರ ಬಾಯಿಂದಲೂ ಒಟ್ಟಿಗೇ ‘ಮೇಲೆ’ ಬಂತು.

ಪಂಪ್ ಹೊಡೆದರು. ಮುಂಭಾಗ ಎದ್ದಿತು, ಹಿಂಭಾಗ ಕದಲಲಿಲ್ಲ. ಹಿಂದಿನ ಪಂಪಿಗೆ ನೀರೇ ಸಿಗುತ್ತಿಲ್ಲ. ಅಲೆಕ್ಸಾಂಡರ್ ಆ ಕತ್ತಲಲ್ಲಿ ಕೈಯಿಂದ ತಡವರಿಸಿ ಪಂಪಿನ ಮುಚ್ಚಳ ಬಿಚ್ಚಿದ, ಒಳಗೆ ಸಿಕ್ಕಿದ್ದ ಕಡಲಪಾಚಿಯನ್ನು ಎಳೆದು ತೆಗೆದ. ಅಷ್ಟರಲ್ಲಿ ಜೊತೆಯವರಲ್ಲಿ ಕೆಲವರು ಹುಚ್ಚು ಹಿಡಿದ ಹಾಗೆ ಆಗಿದ್ದರಂತೆ. ಮೇಲೆ ಬಂದಾಗ ರಾತ್ರಿ. ದಡದಲ್ಲಿ ಒಬ್ಬನೇ ಒಬ್ಬ ಸಿಪಾಯಿ. ಉಳಿದವರು ಇವರೆಲ್ಲ ಸತ್ತರು ಎಂದು ಸುದ್ದಿ ಕಳಿಸಿ ಹೊರಟುಹೋಗಿದ್ದರು. ನೀರಿನಡಿ ಇದ್ದದ್ದು 2 ಗಂಟೆ 35 ನಿಮಿಷ.

ಈ ಅಲೆಕ್ಸಾಂಡರ್‌ಗೆ 1864ರ ಫೆಬ್ರವರಿಯಲ್ಲಿ ಮೊಬೈಲ್‌ಗೆ ವಾಪಸ್ ಬರುವಂತೆ ಆದೇಶ ಬಂತು. ಬೇರೊಂದು ಬಂದೂಕಿನ ಕೆಲಸಕ್ಕೆ ಇಂಜಿನಿಯರ್ ಬೇಕಿತ್ತು. ಹಾಗಾಗಿ ಉಳಿದ, ಹಾಗಾಗಿ ನಮಗೆ ಈ ಕತೆ ಸಿಕ್ಕಿತು.

ಫೆಬ್ರವರಿ 17

ಸಮುದ್ರ ಶಾಂತವಾಗಿತ್ತು. ಬೆಳದಿಂಗಳಿತ್ತು. ದಡದಿಂದ ಸುಮಾರು ನಾಲ್ಕು ಮೈಲಿ ಆಚೆ ‘ಹೌಸಟೋನಿಕ್’ ಲಂಗರು ಹಾಕಿತ್ತು. ದಿಗ್ಬಂಧನಕ್ಕೆ ನಿಂತಿದ್ದ ಉತ್ತರದ ಹಡಗು ಅದು: 1,240 ಟನ್ನಿನ ಉಗಿ ಹಡಗು, 155 ಮಂದಿ. ದಕ್ಷಿಣದಿಂದ ಓಡಿಬಂದವರ ಮೂಲಕ ಉತ್ತರದ ಅಡ್ಮಿರಲ್ ಡಾಲ್‌ಗ್ರೆನ್‌ಗೆ ಮುಳುಗುವ ದೋಣಿಯ ಸುಳಿವು ಆಗಲೇ ಸಿಕ್ಕಿತ್ತು. ಆಳದ ಜಾಗದಲ್ಲಿ ಲಂಗರು ಹಾಕಬೇಡಿ, ಅಡಿಯಲ್ಲಿ ನುಸುಳಲು ಜಾಗ ಕೊಡಬೇಡಿ ಎಂದು ಜನವರಿಯಲ್ಲೇ ಆದೇಶ ಹೊರಡಿಸಿದ್ದ. ಹೌಸಟೋನಿಕ್ ಇದ್ದ ಜಾಗದಲ್ಲಿ ನೀರು ಸುಮಾರು 27 ಅಡಿ ಮಾತ್ರ.

ರಾತ್ರಿ ಎಂಟೂವರೆ ಸುಮಾರಿಗೆ ಮುಂಭಾಗದಲ್ಲಿ ಕಾವಲಿದ್ದ ರಾಬರ್ಟ್ ಫ್ಲೆಮಿಂಗ್‌ಗೆ ನೀರಿನಲ್ಲಿ ಏನೋ ಕಂಡಿತು. ಅವನು ಆಫ್ರಿಕನ್ ಅಮೆರಿಕನ್ ನಾವಿಕ. ಅಧಿಕಾರಿಗೆ ಹೇಳಿದ. ಅದು ಮರದ ದಿಮ್ಮಿ ಎಂದು ಅಧಿಕಾರಿ ತಳ್ಳಿಹಾಕಿದ. ಫ್ಲೆಮಿಂಗ್ ಬಿಡಲಿಲ್ಲ. ದಿಮ್ಮಿಯಾದರೆ ಸೆಳವಿನ ಜೊತೆ ತೇಲಬೇಕು, ಇದು ಸೆಳವಿಗೆ ಅಡ್ಡವಾಗಿ ಬರುತ್ತಿದೆ ಎಂದ. ಆ ಇಡೀ ರಾತ್ರಿ ಯಾರಾದರೂ ಸರಿಯಾಗಿ ಯೋಚಿಸಿದ್ದರೆ ಅವನೇ. ನಂತರ ನಡೆದ ವಿಚಾರಣೆಯಲ್ಲಿ ಅವನ ಹೇಳಿಕೆ ದಾಖಲಾಗಿದೆ.

ಎಲ್ಲರಿಗೂ ಗೊತ್ತಾಗುವಷ್ಟರಲ್ಲಿ ಅದು ಫಿರಂಗಿಯ ಗುರಿಗಿಂತ ಕೆಳಗೆ, ಹಡಗಿನ ಮಗ್ಗುಲಿಗೇ ಬಂದಿತ್ತು. ಲಂಗರಿನ ಸರಪಳಿ ಬಿಟ್ಟರು, ಇಂಜಿನ್ ಹಿಂದಕ್ಕೆ ಓಡಿಸಿದರು. ಕಪ್ತಾನ ಪಿಕರಿಂಗ್ ತನ್ನ ಜೋಡಿ ನಳಿಗೆಯ ಬಂದೂಕಿನಿಂದ ಚರೆ ಹೊಡೆದ. ಅಷ್ಟರಲ್ಲಿ ಹಿಂಭಾಗದ ಬಲಬದಿಯಲ್ಲಿ 61 ಕೆ.ಜಿ. ಕರಿಮದ್ದು ಸಿಡಿಯಿತು.

ಐದು ನಿಮಿಷದೊಳಗೆ ಹಡಗು ತಳ ಮುಟ್ಟಿತು. ಸತ್ತವರು ಐದೇ ಮಂದಿ. ಆಳ ಕಡಿಮೆ ಇದ್ದದ್ದರಿಂದ ಹಾಯಿಕಂಬಗಳು ನೀರಿನ ಮೇಲೇ ಉಳಿದಿದ್ದವು. ಉಳಿದವರು ಹಗ್ಗ ಹಿಡಿದು ಅವನ್ನು ಏರಿ ಕೂತರು. ಡಾಲ್‌ಗ್ರೆನ್‌ನ ಆದೇಶ ಹಡಗನ್ನು ಉಳಿಸಲಿಲ್ಲ, ಆಳವಿಲ್ಲದ ನೀರು ಜನರನ್ನು ಉಳಿಸಿತು.

ನೆರವಿಗೆ ಬರುವ ಹಡಗಿಗೆ ಕಾಯುತ್ತ ಕಂಬದ ಮೇಲೆ ಕೂತಿದ್ದ ಫ್ಲೆಮಿಂಗ್ ನೀರಿನ ಮೇಲೆ ಒಂದು ನೀಲಿ ಬೆಳಕು ಕಂಡೆ ಎಂದ. ಕೆಲಸ ಮುಗಿದರೆ ನೀಲಿ ಬೆಳಕು ತೋರಿಸುತ್ತೇವೆ ಎಂದು ಡಿಕ್ಸನ್ ದಡದವರೊಂದಿಗೆ ಮಾತಾಡಿಕೊಂಡಿದ್ದ. ಸಂಕೇತ ಕಂಡಿತು, ಉತ್ತರವನ್ನೂ ಕೊಟ್ಟೆವು ಎಂದು ದಡದ ಅಧಿಕಾರಿಯ ವರದಿ ಹೇಳುತ್ತದೆ. ಹನ್ಲಿ ಮಾತ್ರ ಬರಲಿಲ್ಲ.

131 ವರ್ಷದ ಮೇಲೆ

1995ರಲ್ಲಿ ಅಮೆರಿಕದ ಕಾದಂಬರಿಕಾರ ಕ್ಲೈವ್ ಕಸ್ಲರ್ ಹಣ ಹಾಕಿ ಕಳಿಸಿದ ತಂಡಕ್ಕೆ ಅದು ಸಿಕ್ಕಿತು. ಹೌಸಟೋನಿಕ್ ಮುಳುಗಿದ ಜಾಗದಿಂದ ದೂರವೇನಲ್ಲ, ಸಮುದ್ರದ ಕಡೆಗೆ, ಮರಳಿನೊಳಗೆ ಹೂತು. 2000ದ ಆಗಸ್ಟ್ 8ರಂದು ಎತ್ತಿದರು. ಒಳಗೆ ನುಣ್ಣನೆ ಕೆಸರು ತುಂಬಿ ಗಾಳಿಯಾಡದೆ ಇದ್ದುದರಿಂದ ಮೂಳೆ, ಬಟ್ಟೆ, ಗುಂಡಿ ಎಲ್ಲ ಉಳಿದಿದ್ದವು. ಡಿಕ್ಸನ್ ಬಳಿ ಬಾಗಿದ 20 ಡಾಲರ್ ಚಿನ್ನದ ನಾಣ್ಯವೊಂದಿತ್ತು. 1862ರ ಶೈಲೋ ಯುದ್ಧದಲ್ಲಿ ಗುಂಡು ಅದಕ್ಕೆ ತಾಗಿ ಅವನ ಜೀವ ಉಳಿದಿತ್ತು. ‘ನನ್ನ ಜೀವರಕ್ಷಕ’ ಎಂದು ಅದರ ಮೇಲೆ ಕೆತ್ತಿಸಿಕೊಂಡಿದ್ದ. ಸುಮ್ನೆ ಕತೆ ಅಂದುಕೊಂಡಿದ್ದದ್ದು ನಿಜವಾಯಿತು.

ನಿಜವಾದ ಸುಳಿವು ಸಿಕ್ಕಿದ್ದು ಕಬ್ಬಿಣದ ಕೋಲಿನ ತುದಿಯಲ್ಲಿ. ಅಲ್ಲಿಯವರೆಗೆ ಎಲ್ಲರೂ ನಂಬಿದ್ದು ಹೀಗೆ: ಕೊಕ್ಕೆಯಿಂದ ಬಾಂಬನ್ನು ಹಡಗಿಗೆ ಸಿಕ್ಕಿಸಿ, ದೋಣಿ ಹಿಂದೆ ಸರಿದು, ದೂರದಿಂದ ಹಗ್ಗ ಎಳೆದು ಸಿಡಿಸಿದರು. 2013ರಲ್ಲಿ ಕೋಲಿನ ಮೇಲಿನ ಗಟ್ಟಿ ಪದರ ಬಿಡಿಸಿದಾಗ ಬಾಂಬಿನ ತಾಮ್ರದ ಹೊದಿಕೆಯ ಚೂರು ತುದಿಗೇ ಅಂಟಿಕೊಂಡಿತ್ತು. ಅಂದರೆ ಸಿಡಿಯುವಾಗ ಬಾಂಬು ಕೋಲಿನ ಮೇಲೇ ಇತ್ತು. ಕೋಲು ಸುಮಾರು 16 ಅಡಿ. ಎಂಟು ಮಂದಿ ಇದ್ದ ಕಬ್ಬಿಣದ ಕೊಳವೆ 20 ಅಡಿಯೊಳಗೆ.

ಹಾಗಾದರೆ ಸತ್ತದ್ದು ಹೇಗೆ? ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ರೇಚಲ್ ಲ್ಯಾನ್ಸ್ ಆರನೇ ಒಂದು ಅಳತೆಯ ಮಾದರಿ ಮಾಡಿ, ಕೊಳದಲ್ಲಿ ಸಿಡಿಮದ್ದು ಹಚ್ಚಿ ಅಳೆದು, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಫೋಟದ ಒತ್ತಡದ ಅಲೆ ಕಬ್ಬಿಣದ ಗೋಡೆ ದಾಟಿ ಬಂದು ಶ್ವಾಸಕೋಶಕ್ಕೆ ಹೊಡೆಯಿತು, ಕೂತಲ್ಲೇ ಸತ್ತರು ಎಂದು ಅವರ ವಾದ. ದೋಣಿಯ ಸಂರಕ್ಷಣೆ ಮಾಡುತ್ತಿರುವವರು ಇದನ್ನು ಒಪ್ಪಿಲ್ಲ. ಆ ನೀಲಿ ಬೆಳಕನ್ನು ನಂಬಿದರೆ ಯಾರೋ ಕೆಲವು ಹೊತ್ತು ಬದುಕಿದ್ದರು. ಉಬ್ಬರಕ್ಕೆ ಕಾಯುತ್ತ ತಳದಲ್ಲಿ ಕೂತು ಗಾಳಿ ಮುಗಿಯಿತೇ? ಎರಡೂವರೆ ಗಂಟೆ ತಡೆದ ಅನುಭವ ಇದ್ದ ಕಪ್ತಾನನಿಗೆ ಅದು ಹುಚ್ಚು ಯೋಚನೆಯಾಗಿ ಕಂಡಿರಲಿಕ್ಕಿಲ್ಲ.

ನಾನು ಮಾತ್ರ ಎರಡು ತಂಡಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಅಕ್ಟೋಬರಿನ ತಂಡದಲ್ಲಿ ಕೈಗಳು ಮುಚ್ಚಳದ ಹತ್ತಿರ ಇದ್ದವು, ತಳದ ಬೋಲ್ಟ್‌ಗಳು ಅರ್ಧ ತಿರುಗಿದ್ದವು. ಸಾವು ಬಂದದ್ದು ಅವರಿಗೆ ಗೊತ್ತಾಗಿತ್ತು. ಫೆಬ್ರವರಿಯ ತಂಡದ ಮೂಳೆಗಳು ಅವರವರ ಜಾಗದಲ್ಲೇ ಸಿಕ್ಕವು, ಮುಚ್ಚಳದ ಕೆಳಗೆ ಯಾರೂ ಗುಂಪುಗೂಡಿರಲಿಲ್ಲ. ಒಳಗಿನ ನೀರು ಹೊರಹಾಕುವಂತೆ ಪಂಪನ್ನು ಜೋಡಿಸಿರಲಿಲ್ಲ. ತಳದ ಕಬ್ಬಿಣದ ಗಟ್ಟಿಗಳು ಕಟ್ಟಿದ್ದ ಹಾಗೇ ಇದ್ದವು, ಒಂದನ್ನೂ ಕಳಚಿರಲಿಲ್ಲ.